ನೋವು ಹೋಯಿತು, ಬಲ ಬಂದಿಲ್ಲ: ಮತ್ತೆ ಮತ್ತೆ ಹರಿಯುವ ಮೀನಖಂಡ

ಪ್ರಶ್ನೆ: ನನಗೆ 46 ವರ್ಷ. ಕಾರವಾರದಲ್ಲಿ ಸರ್ಕಾರಿ ಕಚೇರಿಯ ಕೆಲಸ, ದಿನವಿಡೀ ಕುರ್ಚಿ. ತೂಕ ಇಳಿಸಬೇಕೆಂದು ದೀಪಾವಳಿಯ ನಂತರ ಬೆಳಿಗ್ಗೆ ಟಾಗೋರ್ ಕಡಲತೀರದಲ್ಲಿ ಬರಿಗಾಲಿನಲ್ಲಿ ಓಡಲು ಆರಂಭಿಸಿದೆ. ಕೆಲವು ವಾರ ಕಳೆದ ಮೇಲೆ ಒಂದು ದಿನ ಓಡುತ್ತಿರುವಾಗ ಎಡಗಾಲಿನ ಮೀನಖಂಡಕ್ಕೆ ಹಿಂದಿನಿಂದ ಯಾರೋ ಕಲ್ಲೆಸೆದಂತಾಯಿತು. ತಿರುಗಿ ನೋಡಿದರೆ ಯಾರೂ ಇರಲಿಲ್ಲ. ವೈದ್ಯರು ಸ್ನಾಯು ಸ್ವಲ್ಪ ಹರಿದಿದೆ, ವಿಶ್ರಾಂತಿ ತೆಗೆದುಕೊಳ್ಳಿ ಎಂದರು. ಎರಡು ವಾರದಲ್ಲಿ ನೋವು ಪೂರ್ತಿ ಹೋಯಿತು. ಮತ್ತೆ ಓಡಲು ಹೋದೆ, ಕೆಲವೇ ದಿನಗಳಲ್ಲಿ ಅದೇ ಜಾಗದಲ್ಲಿ ಹಿಡಿಯಿತು. ಮತ್ತೆ ವಿಶ್ರಾಂತಿ, ಮತ್ತೆ ಅದೇ ಕಥೆ. ಎಣ್ಣೆ ಹಾಕಿ ತಿಕ್ಕಿಸಿದ್ದೇನೆ. ಗೋಡೆಗೆ ಕೈ ಕೊಟ್ಟು ಕಾಲು ಎಳೆಯುವ ವ್ಯಾಯಾಮವನ್ನೂ ಮಾಡುತ್ತೇನೆ. ಓಡುವುದನ್ನೇ ಬಿಟ್ಟುಬಿಡಬೇಕೇ? ಇನ್ನೊಂದು ಮಾತು. ಶಿರಸಿಯ ಹತ್ತಿರ ಊರಿನಲ್ಲಿರುವ ನಮ್ಮ ಆಯಿಗೆ 70 ವರ್ಷ. ರಾತ್ರಿ ಮಲಗಿದಾಗ ಮೀನಖಂಡ ಸೆಟೆದುಕೊಂಡು ಕೂಗಿಕೊಳ್ಳುವಷ್ಟು ನೋವಾಗುತ್ತದೆ. ನನಗೆ ಹೇಳುವ ವ್ಯಾಯಾಮವನ್ನೇ ಅವರೂ ಮಾಡಬಹುದೇ?

ಉತ್ತರ: ಓಡುವುದನ್ನು ಬಿಡಬೇಕಾಗಿಲ್ಲ. ಆದರೆ ಮುಂದಿನ ಎರಡು ಮೂರು ತಿಂಗಳು ಓಟವನ್ನು ಬದಿಗಿಟ್ಟು ಆ ಸ್ನಾಯುವಿಗೆ ಬಲ ತುಂಬುವ ಒಂದೇ ಕೆಲಸಕ್ಕೆ ಗಮನ ಕೊಡಬೇಕು. ನಿಮ್ಮ ಪತ್ರದಲ್ಲಿ ವಿಶ್ರಾಂತಿ ಇದೆ, ಎಣ್ಣೆ ಇದೆ, ಎಳೆತ ಇದೆ. ಸ್ನಾಯುವಿಗೆ ಭಾರ ಕೊಟ್ಟು ಕೆಲಸ ಮಾಡಿಸಿದ್ದು ಮಾತ್ರ ಎಲ್ಲೂ ಕಾಣಲಿಲ್ಲ. ನೋವು ಹೋದ ದಿನವೇ ಕಾಲು ವಾಸಿಯಾಯಿತು ಎಂದುಕೊಂಡು ಮರಳಿಗೆ ಇಳಿಯುವವರನ್ನು ನಾನು ಪ್ರತಿ ವರ್ಷ ನೋಡುತ್ತೇನೆ. ಅವರಲ್ಲಿ ಬಹಳ ಮಂದಿ ನಿಮ್ಮ ಹಾಗೆಯೇ ಅದೇ ಜಾಗ ಹಿಡಿದುಕೊಂಡು ಮರಳಿ ಬರುತ್ತಾರೆ. ನೋವು ಎರಡು ವಾರದಲ್ಲಿ ಹೋಗುತ್ತದೆ. ಬಲ ಬರಲು ತಿಂಗಳುಗಳೇ ಬೇಕು. ಈ ಎರಡರ ನಡುವಿನ ಅವಧಿಯಲ್ಲಿ ಓಡಿದ್ದರಿಂದಲೇ ನಿಮಗೆ ಹೀಗಾಗುತ್ತಿದೆ.

ವ್ಯಾಯಾಮದ ಮಾತಿಗೆ ಹೋಗುವ ಮೊದಲು ಕೆಲವು ವಿಷಯ ಖಚಿತ ಮಾಡಿಕೊಳ್ಳೋಣ. ಮೀನಖಂಡದಲ್ಲಿ ಕಾಣಿಸುವ ನೋವೆಲ್ಲ ಸ್ನಾಯುವಿನ ನೋವಾಗಿರುವುದಿಲ್ಲ. ಒಂದೇ ಕಾಲು ಊದಿಕೊಂಡು, ಮುಟ್ಟಿದರೆ ಬಿಸಿಯಾಗಿ, ಚರ್ಮ ಕೆಂಪಗೆ ಅಥವಾ ಬಿಗಿಯಾಗಿ ಹೊಳೆಯುತ್ತಿದ್ದರೆ ಆಳದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರುವ ಸಾಧ್ಯತೆಯಿದೆ. ಶಸ್ತ್ರಚಿಕಿತ್ಸೆಯ ನಂತರ, ಹೆರಿಗೆಯ ನಂತರ, ಹಲವು ದಿನ ಹಾಸಿಗೆ ಹಿಡಿದ ನಂತರ, ರಾತ್ರಿಯಿಡೀ ಬಸ್ಸಿನಲ್ಲಿ ಕಾಲು ಇಳಿಬಿಟ್ಟು ಬೆಂಗಳೂರಿಗೆ ಹೋಗಿಬಂದ ನಂತರ ಇಂಥ ನೋವು ಬಂದರೆ ಅನುಮಾನ ಇನ್ನೂ ಹೆಚ್ಚಾಗಬೇಕು. ಆ ಹೆಪ್ಪು ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ಅಂಥ ಕಾಲಿಗೆ ಎಣ್ಣೆ ಹಾಕಿ ತಿಕ್ಕಿಸುವುದು ಖಂಡಿತ ಸಲ್ಲದು. ಅದೇ ದಿನ ಆಸ್ಪತ್ರೆಗೆ ಹೋಗಿ, ರಕ್ತದ ಹರಿವನ್ನು ತೋರಿಸುವ ಡಾಪ್ಲರ್ ಸ್ಕ್ಯಾನ್ ಮಾಡಿಸಬೇಕು. ಜೊತೆಗೆ ಎದೆನೋವು ಅಥವಾ ಉಸಿರುಕಟ್ಟು ಇದ್ದರೆ ಒಂದು ಗಂಟೆಯೂ ಕಾಯಬಾರದು.

ನಮ್ಮ ಜಿಲ್ಲೆಯವರಿಗೆ ಇನ್ನೊಂದು ಮಾತನ್ನು ವಿಶೇಷವಾಗಿ ಹೇಳಬೇಕು. ಮಳೆಗಾಲದಲ್ಲಿ ಗದ್ದೆಯ ಕೆಸರಿನಲ್ಲಿ, ತೋಟದ ನೀರಿನಲ್ಲಿ ಬರಿಗಾಲಿನಲ್ಲಿ ಕೆಲಸ ಮಾಡಿದವರಿಗೆ ಜ್ವರ ಬಂದು, ಮೀನಖಂಡವನ್ನು ಮುಟ್ಟಿಸಿಕೊಳ್ಳಲೂ ಆಗದಷ್ಟು ನೋವಿದ್ದು, ಕಣ್ಣು ಕೆಂಪಾಗಿದ್ದರೆ ಅದು ಇಲಿಜ್ವರ ಇರಬಹುದು. ಇಲಿಯ ಮೂತ್ರ ಸೇರಿದ ನೀರಿನಿಂದ ಲೆಪ್ಟೋಸ್ಪೈರಾ ಎಂಬ ಬ್ಯಾಕ್ಟೀರಿಯಾ ಕಾಲಿನ ಗಾಯದ ಮೂಲಕ ಒಳಗೆ ಸೇರುತ್ತದೆ. ಮೀನಖಂಡದ ನೋವು ಆ ಕಾಯಿಲೆಯ ಎದ್ದು ಕಾಣುವ ಗುರುತುಗಳಲ್ಲಿ ಒಂದು. ಬೇಗ ಗುರುತಿಸಿದರೆ ಸಾಮಾನ್ಯ ಪ್ರತಿಜೀವಕದಿಂದ ವಾಸಿಯಾಗುವ ಕಾಯಿಲೆ ಅದು. ತಡವಾದರೆ ಮೂತ್ರಪಿಂಡ, ಯಕೃತ್ತು ಎರಡನ್ನೂ ಕೆಡಿಸುತ್ತದೆ. ಘಟ್ಟದ ಮೇಲಿನ ಕಾಡಂಚಿನ ಊರುಗಳಲ್ಲಿ ಬೇಸಿಗೆಯಲ್ಲಿ ಜ್ವರದ ಜೊತೆ ಮೈಕೈ ಸ್ನಾಯುಗಳೆಲ್ಲ ವಿಪರೀತ ನೋಯುತ್ತಿದ್ದರೆ ಮಂಗನ ಕಾಯಿಲೆಯನ್ನೂ ನೆನಪಿಡಬೇಕು. ಒಟ್ಟಿನಲ್ಲಿ ಜ್ವರವಿದ್ದಾಗಿನ ಮೀನಖಂಡದ ನೋವಿಗೆ ವ್ಯಾಯಾಮ ಕೇಳಬೇಡಿ, ರಕ್ತಪರೀಕ್ಷೆ ಕೇಳಿ.

ನಡೆಯುತ್ತ ಹೋದಂತೆ ಇಷ್ಟೇ ದೂರಕ್ಕೆ ಮೀನಖಂಡ ಹಿಡಿದುಕೊಂಡು, ನಿಂತರೆ ಎರಡು ನಿಮಿಷದಲ್ಲಿ ಬಿಟ್ಟು, ಮತ್ತೆ ಅಷ್ಟೇ ದೂರ ನಡೆದರೆ ಹಿಡಿಯುವ ನೋವು ಕಾಲಿನ ರಕ್ತನಾಳ ಕಿರಿದಾಗಿರುವುದರ ಲಕ್ಷಣ. ಬೀಡಿ ಸಿಗರೇಟು ಸೇದುವವರಲ್ಲಿ, ಸಕ್ಕರೆ ಕಾಯಿಲೆ ಇರುವವರಲ್ಲಿ ಇದು ಹೆಚ್ಚು.

ನಿಮ್ಮ ವಿವರ ಇವುಗಳಲ್ಲಿ ಯಾವುದಕ್ಕೂ ಹೊಂದುವುದಿಲ್ಲ. ಇನ್ನು ಒಂದು ಪರೀಕ್ಷೆ ಮಾತ್ರ ಬಾಕಿ. ಮಂಚದ ಮೇಲೆ ಬೋರಲು ಮಲಗಿ, ಪಾದಗಳು ಅಂಚಿನಿಂದ ಹೊರಗೆ ಇಳಿಬಿದ್ದಿರಲಿ. ಮನೆಯವರು ಯಾರಾದರೂ ಮೀನಖಂಡವನ್ನು ಅಂಗೈಯಲ್ಲಿ ಹಿಡಿದು ಮೆಲ್ಲಗೆ ಹಿಂಡಲಿ. ಹಿಂಡಿದಾಗ ಪಾದದ ತುದಿ, ತುದಿಗಾಲಿನಲ್ಲಿ ನಿಂತಾಗಿನಂತೆ, ತಾನಾಗಿ ಚಾಚಿಕೊಳ್ಳುವ ಹಾಗೆ ಚಲಿಸಬೇಕು. ಬಲಗಾಲಿನಲ್ಲಿ ಚಲಿಸಿ ಎಡಗಾಲಿನಲ್ಲಿ ಚಲಿಸದೇ ಹೋದರೆ ಮೀನಖಂಡವನ್ನು ಹಿಮ್ಮಡಿಗೆ ಕಟ್ಟಿಹಿಡಿಯುವ ಅಕಿಲಿಸ್ ಸ್ನಾಯುರಜ್ಜುವೇ ತುಂಡಾಗಿದೆ ಎಂದು ಅರ್ಥ. ಆಗ ಮೂಳೆ ವೈದ್ಯರ ಬಳಿಗೆ ಹೋಗಬೇಕು. ನೀವು ನಡೆದಾಡುತ್ತಿದ್ದೀರಿ, ನೋವು ಮೀನಖಂಡದಲ್ಲಿದೆ ಎಂಬುದರಿಂದ ಹಾಗಾಗಿರಲಾರದು ಎಂದೇ ನನಗೆ ಅನ್ನಿಸುತ್ತದೆ. ಆದರೂ ಮಾಡಿ ನೋಡಿ, ಅರ್ಧ ನಿಮಿಷದ ಕೆಲಸ.

ಈಗ ಮೀನಖಂಡವನ್ನು ನಿಮ್ಮ ಕೈಯಿಂದಲೇ ಪರಿಚಯ ಮಾಡಿಕೊಳ್ಳಿ. ಗೋಡೆ ಹಿಡಿದು ನಿಂತು, ಮೊಣಕಾಲು ನೆಟ್ಟಗಿಟ್ಟು ತುದಿಗಾಲಿನ ಮೇಲೆ ಏಳಿ. ಇನ್ನೊಂದು ಕೈಯಿಂದ ಮೀನಖಂಡ ಮುಟ್ಟಿ ನೋಡಿ. ಎರಡು ಗಡಸು ಉಬ್ಬುಗಳು ಸಿಗುತ್ತವೆ. ಒಳಬದಿಯ ಉಬ್ಬು ದೊಡ್ಡದು, ಸ್ವಲ್ಪ ಕೆಳಗಿನವರೆಗೂ ಇಳಿದಿರುತ್ತದೆ. ಹೊರಬದಿಯದು ಚಿಕ್ಕದು, ಮೇಲಕ್ಕೇ ಮುಗಿಯುತ್ತದೆ. ಈ ಎರಡೂ ಸೇರಿ ಗ್ಯಾಸ್ಟ್ರೋಕ್ನೀಮಿಯಸ್ ಎಂಬ ಸ್ನಾಯು. ಇನ್ನು ಕುರ್ಚಿಯಲ್ಲಿ ಕುಳಿತು, ಮೊಣಕಾಲು ಮಡಚಿದ ಸ್ಥಿತಿಯಲ್ಲೇ ಹಿಮ್ಮಡಿ ಎತ್ತಿ ಅದೇ ಜಾಗ ಮುಟ್ಟಿ. ಆ ಉಬ್ಬುಗಳು ಮೆತ್ತಗಾಗಿರುತ್ತವೆ. ಅವುಗಳ ಕೆಳಗೆ, ಕಾಲಿನ ಎರಡೂ ಅಂಚುಗಳಲ್ಲಿ ಬೆರಳೊತ್ತಿದರೆ ಬೇರೊಂದು ಸ್ನಾಯು ಬಿಗಿಯಾಗುವುದು ತಿಳಿಯುತ್ತದೆ. ಅದು ಸೋಲಿಯಸ್. ಮೇಲಿನ ಸ್ನಾಯುವಿನ ಅಡಿಯಲ್ಲಿ ಚಪ್ಪಟೆಯಾಗಿ, ಅಗಲವಾಗಿ ಹರಡಿಕೊಂಡಿದೆ.

ಈ ವ್ಯತ್ಯಾಸ ಏಕೆ ಎಂದರೆ, ಮೇಲಿನದು ಮೊಣಕಾಲಿಗಿಂತ ಮೇಲೆ ತೊಡೆಯೆಲುಬಿನಿಂದ ಹೊರಡುತ್ತದೆ. ಹೀಗಾಗಿ ಮೊಣಕಾಲು ಮಡಚಿದ ಕೂಡಲೇ ಅದು ಸಡಿಲಾಗಿ ಬಲ ಕಳೆದುಕೊಳ್ಳುತ್ತದೆ. ಸೋಲಿಯಸ್ ಮೊಣಕಾಲಿನ ಕೆಳಗಿನ ಎರಡು ಎಲುಬುಗಳಿಂದಲೇ ಹೊರಡುವುದರಿಂದ ಮೊಣಕಾಲು ಹೇಗಿದ್ದರೂ ಅದಕ್ಕೆ ಒಂದೇ. ಅದರ ಬಹುಪಾಲು ನಾರುಗಳು ಬೇಗ ದಣಿಯದ ಜಾತಿಯವು. ನೀವು ಸುಮ್ಮನೆ ನಿಂತಿದ್ದಾಗಲೂ ಅದು ದೇಹವನ್ನು ಮುಂದಕ್ಕೆ ಬೀಳದಂತೆ ಹಿಡಿದಿರುತ್ತದೆ. ಜೊತೆಗೆ ಕಾಲಿನ ಅಶುದ್ಧ ರಕ್ತವನ್ನು ಮೇಲಕ್ಕೆ ತಳ್ಳುವ ಪಂಪಿನ ಕೆಲಸವನ್ನೂ ಮಾಡುತ್ತದೆ. ಮಂಡಿ ಬಗ್ಗಿಸಿ ಗಂಟೆಗಟ್ಟಲೆ ಹೆಜ್ಜೆ ಹಾಕುವ ನಮ್ಮ ಯಕ್ಷಗಾನ ಕಲಾವಿದರ ಕಾಲನ್ನು ಬೆಳಗಿನ ಜಾವದವರೆಗೆ ಕಾಯುವ ಸ್ನಾಯುಗಳಲ್ಲಿ ಇದು ಮುಖ್ಯವಾದದ್ದು. ಓಡುವಾಗ ಸೋಲಿಯಸ್ ಒಂದೇ ದೇಹದ ತೂಕದ 6ರಿಂದ 8 ಪಟ್ಟು ಬಲ ಹುಟ್ಟಿಸುತ್ತದೆ. 75 ಕಿಲೋ ತೂಕದವರಿಗೆ ಅದು 450 ಕಿಲೋಗೂ ಮೇಲಿನ ಸೆಳೆತ, ಪ್ರತಿ ಹೆಜ್ಜೆಗೂ. ಇಷ್ಟು ದುಡಿಯುವ ಸ್ನಾಯುವಿಗಾಗಿಯೇ ವ್ಯಾಯಾಮ ಮಾಡುವವರು ತೀರಾ ಕಡಿಮೆ. ಏಕೆಂದರೆ ಅದು ಕನ್ನಡಿಯಲ್ಲಿ ಕಾಣುವುದಿಲ್ಲ.

ಎರಡೂ ಸ್ನಾಯುಗಳು ಕೆಳಗೆ ಕೂಡಿ ಅಕಿಲಿಸ್ ಸ್ನಾಯುರಜ್ಜುವಾಗಿ ಹಿಮ್ಮಡಿಯ ಎಲುಬಿಗೆ ಅಂಟಿಕೊಳ್ಳುತ್ತವೆ. ದೇಹದ ಅತ್ಯಂತ ದಪ್ಪನೆಯ, ಅತ್ಯಂತ ಬಲವಾದ ರಜ್ಜು ಅದು. ತೆಂಗಿನ ನಾರಿನ ಹಗ್ಗವನ್ನು ಹೊಸೆದಂತೆ ಅದರ ಎಳೆಗಳು ಕೆಳಗಿಳಿಯುತ್ತ ತಿರುಚಿಕೊಂಡಿರುತ್ತವೆ. ನಿಮಗೆ ಹರಿದಿರುವುದು ಬಹುಶಃ ಮೇಲಿನ ಸ್ನಾಯುವಿನ ಒಳಬದಿಯ ಉಬ್ಬು ಈ ರಜ್ಜುವಿಗೆ ಸೇರುವ ಅಂಚು, ಅಂದರೆ ಮೀನಖಂಡದ ನಡುವೆ ಒಳಪಕ್ಕ. ನಲವತ್ತು ದಾಟಿದವರಲ್ಲಿ, ಒಮ್ಮೆಲೇ ಓಡಲು ಅಥವಾ ಶಟಲ್ ಆಡಲು ಇಳಿದವರಲ್ಲಿ ಹರಿಯುವ ಜಾಗ ಅದೇ. ಕಲ್ಲೆಸೆದಂತಾಯಿತು ಎಂದು ನೀವು ಬರೆದಿದ್ದೀರಲ್ಲ, ಈ ಗಾಯವಾದ ಬಹುತೇಕ ಎಲ್ಲರೂ ನನ್ನ ಎದುರು ಕುಳಿತು ಅದನ್ನೇ ಹೇಳುತ್ತಾರೆ.

ನಿಮ್ಮ ವಿಷಯದಲ್ಲಿ ಮರಳಿನ ಪಾತ್ರ ದೊಡ್ಡದು. ಮರಳು ಮೆತ್ತಗಿದೆ, ಹಾಗಾಗಿ ಕಾಲಿಗೆ ಹಿತ ಎಂದು ಎಲ್ಲರೂ ನಂಬಿರುತ್ತಾರೆ. ಮಂಡಿಯ ಕೀಲಿಗೆ ಬೀಳುವ ಪೆಟ್ಟು ಕಡಿಮೆ ಎಂಬುದು ನಿಜ. ಮೀನಖಂಡಕ್ಕೆ ಮಾತ್ರ ಅದು ಬಹಳ ಕಷ್ಟದ ನೆಲ. ಒಣ ಮರಳಿನಲ್ಲಿ ಹಿಮ್ಮಡಿ ಹೂತು, ಮೀನಖಂಡ ಉದ್ದಕ್ಕೆ ಎಳೆದುಕೊಂಡಿರುವಾಗಲೇ ದೇಹವನ್ನು ತಳ್ಳಬೇಕಾಗುತ್ತದೆ. ತಳ್ಳುವಾಗ ಮರಳು ಜಾರುವುದರಿಂದ ಹಾಕಿದ ಬಲದ ಒಂದು ಪಾಲು ವ್ಯರ್ಥ. ಗಟ್ಟಿ ನೆಲಕ್ಕೆ ಹೋಲಿಸಿದರೆ ಮರಳಿನ ಮೇಲೆ ನಡೆಯಲು 2.1ರಿಂದ 2.7 ಪಟ್ಟು, ಓಡಲು 1.6 ಪಟ್ಟು ಹೆಚ್ಚು ಶಕ್ತಿ ಬೇಕೆಂದು ಅಳತೆ ಮಾಡಿದವರು 1998ರಲ್ಲೇ ತೋರಿಸಿದ್ದಾರೆ. ಅದರ ಮೇಲೆ ಬರಿಗಾಲು. ವರ್ಷಗಟ್ಟಲೆ ಹಿಮ್ಮಡಿ ಎತ್ತರವಿರುವ ಚಪ್ಪಲಿ, ಬೂಟು ಹಾಕಿಕೊಂಡ ಕಾಲಿಗೆ ಬರಿಗಾಲಿನ ಓಟ ಎಂದರೆ ಪ್ರತಿ ಹೆಜ್ಜೆಯಲ್ಲೂ ಮೀನಖಂಡ ರೂಢಿಗಿಂತ ಹೆಚ್ಚು ಹಿಗ್ಗಬೇಕು. ನೀರಿನ ಅಂಚಿನ ಒದ್ದೆ ಮರಳು ಗಟ್ಟಿಯಾದರೂ ಸಮುದ್ರದ ಕಡೆಗೆ ಇಳಿಜಾರು. ಒಂದೇ ದಿಕ್ಕಿಗೆ ಉದ್ದ ಓಡಿದರೆ ಎರಡು ಕಾಲಿಗೂ ಸಮನಾದ ಕೆಲಸ ಬೀಳುವುದಿಲ್ಲ.

ಹರಿದ ಸ್ನಾಯು ಕೂಡುವ ಬಗೆಯನ್ನೂ ತಿಳಿದಿರಬೇಕು. ಹರಿದ ಜಾಗವನ್ನು ದೇಹ ಮೊದಲು ಗಾಯದ ಅಂಗಾಂಶದಿಂದ ತುಂಬುತ್ತದೆ. ಅದರ ಎಳೆಗಳು ಆರಂಭದಲ್ಲಿ ಅಡ್ಡಾದಿಡ್ಡಿಯಾಗಿರುತ್ತವೆ, ಬಲವೂ ಕಡಿಮೆ. ಯಾವ ದಿಕ್ಕಿಗೆ ಎಳೆತ ಬೀಳುತ್ತದೆಯೋ ಆ ದಿಕ್ಕಿಗೆ ಅವು ನಿಧಾನವಾಗಿ ಜೋಡಿಸಿಕೊಳ್ಳುತ್ತ ಗಟ್ಟಿಯಾಗುತ್ತವೆ. ಎಳೆತವೇ ಬೀಳದಿದ್ದರೆ ಜೋಡಣೆಯೂ ಆಗುವುದಿಲ್ಲ. ಪೂರ್ತಿ ವಿಶ್ರಾಂತಿಯ ಎರಡು ವಾರದಲ್ಲಿ ಸುತ್ತಲಿನ ಒಳ್ಳೆಯ ಸ್ನಾಯು ಕೂಡ ಸೊರಗುತ್ತದೆ. ಹೀಗೆ ಮೊದಲಿಗಿಂತ ದುರ್ಬಲವಾದ ಕಾಲನ್ನು ನೀವು ಮೊದಲಿನಷ್ಟೇ ವೇಗಕ್ಕೆ, ಅದೇ ಮರಳಿಗೆ ಇಳಿಸಿದಿರಿ. ತಪ್ಪು ನಿಮ್ಮದೆಂದು ಹೇಳುತ್ತಿಲ್ಲ. ವಿಶ್ರಾಂತಿ ತೆಗೆದುಕೊಳ್ಳಿ ಎಂದವರು ಆಮೇಲೇನು ಮಾಡಬೇಕೆಂದು ಹೇಳಬೇಕಿತ್ತು.

ಕಳೆದ ಬಾರಿ ಹಿಡಿದು ಎಷ್ಟು ದಿನವಾಯಿತೆಂದು ನೀವು ಬರೆದಿಲ್ಲ. ಇನ್ನೂ ನಾಲ್ಕೈದು ದಿನದೊಳಗಿದ್ದರೆ ಕ್ರೇಪ್ ಬ್ಯಾಂಡೇಜ್ ಸುತ್ತಿ, ಕುಳಿತಾಗ ಕಾಲು ಎತ್ತರದಲ್ಲಿಡಿ. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು 10–15 ನಿಮಿಷ ಇಡಿ. ಎರಡೂ ಚಪ್ಪಲಿಯ ಹಿಮ್ಮಡಿಯ ಕೆಳಗೆ ಒಂದು ಸೆಂಟಿಮೀಟರ್ ದಪ್ಪದ ಮೆತ್ತೆ ಇಟ್ಟರೆ ನಡೆಯುವಾಗ ಎಳೆತ ತಗ್ಗುತ್ತದೆ. ಈ ದಿನಗಳಲ್ಲಿ ಬಿಸಿನೀರಿನ ಶಾಖ ಬೇಡ, ತಿಕ್ಕುವುದಂತೂ ಬೇಡವೇ ಬೇಡ. ಒಳಗೆ ರಕ್ತ ಸುರಿದಿರುವ ಜಾಗವನ್ನು ಹೆಬ್ಬೆರಳಿನಿಂದ ಒತ್ತಿ ತಿಕ್ಕಿದರೆ ಗಾಯ ಹೆಚ್ಚುತ್ತದೆ. ವಾರಗಳ ನಂತರ ಹಿತಕ್ಕಾಗಿ ಎಣ್ಣೆ ಹಚ್ಚಿಸಿಕೊಳ್ಳುವುದಕ್ಕೆ ನನ್ನ ತಕರಾರಿಲ್ಲ. ಅದರಿಂದ ಬಲ ಬರುತ್ತದೆ ಎಂದು ಮಾತ್ರ ನಂಬಬೇಡಿ.

ಸಮತಟ್ಟಾದ ನೆಲದಲ್ಲಿ ಕುಂಟದೆ ನಡೆಯಲು ಬಂದ ದಿನದಿಂದ ನಿಜವಾದ ಕೆಲಸ ಶುರು. ಮೊದಲು ಎರಡೂ ಕಾಲಿನ ಮೇಲೆ. ಗೋಡೆಗೆ ಬೆರಳ ತುದಿ ತಾಗಿಸಿ ನಿಲ್ಲಿ. ಪಾದಗಳು ನೆಟ್ಟಗೆ ಮುಂದಕ್ಕೆ ನೋಡುತ್ತಿರಲಿ. ಎರಡು ಎಣಿಸುತ್ತ ಹಿಮ್ಮಡಿ ಎತ್ತಿ, ಮೇಲೆ ಒಂದು ಕ್ಷಣ ನಿಂತು, ಮೂರು ಎಣಿಸುತ್ತ ಇಳಿಸಿ. ಇಳಿಸುವುದೇ ಇಲ್ಲಿ ಹೆಚ್ಚು ಮುಖ್ಯ. ಅವಸರದಲ್ಲಿ ದೊಪ್ಪನೆ ಬಿಟ್ಟರೆ ವ್ಯಾಯಾಮದ ಅರ್ಧ ಪ್ರಯೋಜನ ಹೋಯಿತು. ಎದ್ದಾಗ ಭಾರ ಹೆಬ್ಬೆರಳಿನ ಬುಡದ ಮೇಲೆ ಬೀಳಬೇಕು. ಬಹಳ ಜನ ದಣಿದಂತೆ ಪಾದವನ್ನು ಹೊರಕ್ಕೆ ವಾಲಿಸಿ ಕಿರುಬೆರಳಿನ ಕಡೆಗೆ ಭಾರ ಹಾಕುತ್ತಾರೆ. ಸೊಂಟವನ್ನು ಗೋಡೆಯ ಕಡೆಗೆ ತಳ್ಳಿ ದೇಹವನ್ನು ಮುಂದಕ್ಕೆ ಎಸೆಯುತ್ತಾರೆ. ಮೊಣಕಾಲನ್ನು ಕೊಂಚ ಮಡಚಿ ಒದೆಯುತ್ತಾರೆ. ಇವೆಲ್ಲ ಮೀನಖಂಡ ಸೋತಿದೆ, ಬೇರೆಯವು ಅದರ ಕೆಲಸ ಮಾಡುತ್ತಿವೆ ಎಂಬುದರ ಗುರುತು. ಇಂಥದ್ದು ಕಂಡಲ್ಲಿಗೆ ಎಣಿಕೆ ನಿಲ್ಲಿಸಿ. 15ರಂತೆ ಮೂರು ಸರದಿ ನೋವಿಲ್ಲದೆ ಆದರೆ ಎರಡು ಕಾಲಿನಿಂದ ಎದ್ದು, ಎಡಗಾಲು ಒಂದರಿಂದಲೇ ಇಳಿಯಿರಿ. ಅದೂ ಸಲೀಸಾದ ಮೇಲೆ ಏಳುವುದೂ ಇಳಿಯುವುದೂ ಒಂದೇ ಕಾಲಿನಲ್ಲಿ.

ಆ ಹಂತ ತಲುಪಿದಾಗ ನಿಮಗೆ ನಿಜ ಗೊತ್ತಾಗುತ್ತದೆ. ಬಲಗಾಲಿನಲ್ಲಿ ಎಷ್ಟು ಬಾರಿ ಪೂರ್ತಿ ಎತ್ತರಕ್ಕೆ ಏಳಬಲ್ಲಿರಿ, ಎಡಗಾಲಿನಲ್ಲಿ ಎಷ್ಟು ಬಾರಿ ಎಂದು ಎಣಿಸಿ ಬರೆದಿಡಿ. ಆರೋಗ್ಯವಂತ ವಯಸ್ಕರಿಗೆ ಒಂದೇ ಕಾಲಿನಲ್ಲಿ 25 ಎಂಬುದು ಚಿಕಿತ್ಸಾಲಯಗಳಲ್ಲಿ ನಾವು ಬಳಸುವ ಹಳೆಯ ಅಳತೆ. ವಯಸ್ಸಾದಂತೆ ಅದು ಇಳಿಯುತ್ತದೆ. ನಿಮಗೆ 20ರಿಂದ 25ರ ಗುರಿ ಸರಿ. ಎಷ್ಟೋ ಜನ ನೋವೇ ಇಲ್ಲ ಎನ್ನುತ್ತ ಬಂದು ಗಾಯದ ಕಾಲಿನಲ್ಲಿ ಎಂಟು ಹತ್ತಕ್ಕೆ ನಿಂತುಬಿಡುತ್ತಾರೆ. ಆ ಕಾಲನ್ನು ಓಡಿಸಿದರೆ ಏನಾಗುತ್ತದೆಂದು ನಿಮಗೇ ಅನುಭವವಾಗಿದೆ.

ಇನ್ನು ಸೋಲಿಯಸ್. ಮೊಣಕಾಲು ಮಡಚಿ ಮಾಡುವ ವ್ಯಾಯಾಮವೇ ಅದಕ್ಕೆ ದಾರಿ. ಕುರ್ಚಿಯ ಅಂಚಿನಲ್ಲಿ ಕುಳಿತು, ಪಾದ ಮೊಣಕಾಲಿನ ನೇರಕ್ಕೆ ಅಥವಾ ಸ್ವಲ್ಪ ಹಿಂದಕ್ಕೆ ಇರಲಿ. ಮೊಣಕಾಲಿನ ಹತ್ತಿರ ತೊಡೆಯ ಮೇಲೆ ಐದು ಕಿಲೋ ಅಕ್ಕಿಯ ಚೀಲ ಇಟ್ಟು ಹಿಮ್ಮಡಿ ಎತ್ತಿ ಇಳಿಸಿ. ಐದು ಕಿಲೋ ಬೇಗ ಹಗುರವೆನಿಸುತ್ತದೆ, ಆಗ ಹತ್ತು, ಆಮೇಲೆ ಹದಿನೈದು, ಇಪ್ಪತ್ತು. ಬಲಿಷ್ಠ ಸ್ನಾಯು ಅದು, ಸಣ್ಣ ಭಾರವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಕಚೇರಿಯ ಕುರ್ಚಿಯಲ್ಲಿ ಭಾರವಿಲ್ಲದೆ ಗಂಟೆಗೊಮ್ಮೆ ಇಪ್ಪತ್ತು ಬಾರಿ ಹಿಮ್ಮಡಿ ಎತ್ತಿದರೆ ರಕ್ತಸಂಚಾರಕ್ಕೆ ಒಳ್ಳೆಯದು. ಬಲಕ್ಕೆ ಅದು ಸಾಲದು. ಎರಡನೆಯ ಬಗೆ, ನಿಂತು ಮೊಣಕಾಲನ್ನು ಸ್ವಲ್ಪ ಮಡಚಿ, ಮಡಚಿದ ಕೋನ ಬದಲಾಗದಂತೆ ಹಿಡಿದು ಒಂದೇ ಕಾಲಿನಲ್ಲಿ ಏಳುವುದು. ಇದು ಕಷ್ಟ, ಒಂದು ತಿಂಗಳಾದ ಮೇಲೆ ಸೇರಿಸಿಕೊಳ್ಳಿ.

ನೆಟ್ಟಗಿನ ಮೊಣಕಾಲಿನದ್ದು ಮೂರು ಸರದಿ, ಮಡಚಿದ ಮೊಣಕಾಲಿನದ್ದು ಮೂರು ಸರದಿ, ದಿನ ಬಿಟ್ಟು ದಿನ. ಬಿಡುವಿನ ದಿನದಲ್ಲಿ ರಸ್ತೆಯಲ್ಲಿ ನಡೆಯಿರಿ. 15 ಬಾರಿ ಸುಲಭವಾದರೆ ಸಂಖ್ಯೆ ಏರಿಸುತ್ತ ಹೋಗಬೇಡಿ, ಬೆನ್ನಿಗೆ ಪುಸ್ತಕವೋ ಅಕ್ಕಿಯೋ ತುಂಬಿದ ಚೀಲ ಹಾಕಿಕೊಂಡು ಭಾರ ಏರಿಸಿ, ಸಂಖ್ಯೆಯನ್ನು ಎಂಟು ಹತ್ತಕ್ಕೆ ಇಳಿಸಿ. ನಾಲ್ಕನೇ ವಾರದ ನಂತರ ಮೆಟ್ಟಿಲಿನ ಅಂಚಿನಲ್ಲಿ ಮುಂಗಾಲು ಊರಿ, ಹಿಮ್ಮಡಿಯನ್ನು ಮೆಟ್ಟಿಲಿಗಿಂತ ಕೆಳಗಿನವರೆಗೂ ಇಳಿಸಬಹುದು. ಅಂಗಳದ ಚಿರೆಕಲ್ಲಿನ ಮೆಟ್ಟಿಲು ಇದಕ್ಕೆ ಹೇಳಿಮಾಡಿಸಿದ ಎತ್ತರ. ಆದರೆ ಮಳೆಗಾಲದಲ್ಲಿ ಪಾಚಿ ಕಟ್ಟಿದ ಕಲ್ಲಿನ ಮೇಲೆ ಬೇಡ, ಮನೆಯೊಳಗಿನ ಮೆಟ್ಟಿಲೇ ಇರಲಿ, ಹಿಡಿದುಕೊಳ್ಳಲು ಏನಾದರೂ ಇರಲಿ. ಹಿಮ್ಮಡಿಯ ಎಲುಬಿಗೆ ರಜ್ಜು ಅಂಟುವ ಜಾಗದಲ್ಲೇ ನೋವಿರುವವರು ಹೀಗೆ ಮೆಟ್ಟಿಲಿಗಿಂತ ಕೆಳಗೆ ಇಳಿಸಬಾರದು. ಆ ಜಾಗ ಅದುಮಿಕೊಂಡು ನೋವು ಹೆಚ್ಚುತ್ತದೆ.

ನೋವು ಎಷ್ಟು ಬಂದರೆ ಸರಿ ಎಂದು ಎಲ್ಲರೂ ಕೇಳುತ್ತಾರೆ. ಹತ್ತಕ್ಕೆ ಮೂರರಷ್ಟು ನೋವು ವ್ಯಾಯಾಮದ ವೇಳೆ ಇದ್ದು, ಮರುದಿನ ಬೆಳಿಗ್ಗೆ ಹಾಸಿಗೆಯಿಂದ ಎದ್ದು ಇಡುವ ಮೊದಲ ಹೆಜ್ಜೆಗಳಲ್ಲಿ ಎಂದಿಗಿಂತ ಹೆಚ್ಚಿಲ್ಲದಿದ್ದರೆ ಮುಂದುವರಿಸಿ. ಬೆಳಿಗ್ಗೆ ಹೆಚ್ಚಿದ್ದರೆ ಹಿಂದಿನ ದಿನದ ಭಾರ ಹೆಚ್ಚಾಯಿತು ಎಂದು ತಿಳಿದು ಒಂದು ಹಂತ ಕೆಳಗಿಳಿಯಿರಿ. ಚುಚ್ಚಿದಂಥ ನೋವು ಒಮ್ಮೆಲೇ ಬಂದರೆ ಅಲ್ಲಿಗೇ ನಿಲ್ಲಿಸಿ. ಎರಡೂ ಮೀನಖಂಡ ಸಮನಾಗಿ ಜಡವಾಗಿ ನೋಯುವುದು ದುಡಿಮೆಯ ನೋವು, ಅದಕ್ಕೆ ಹೆದರಬೇಕಿಲ್ಲ.

ನೋಯುವ ಕಾಲಿಗೆ ಭಾರ ಕೊಡುವುದು ಹುಚ್ಚುತನ ಎಂದು ಮೂವತ್ತು ವರ್ಷದ ಹಿಂದೆ ವೈದ್ಯರೂ ನಂಬಿದ್ದರು. ಸ್ವೀಡನ್ನಿನ ಹೋಕನ್ ಆಲ್‌ಫ್ರೆಡ್‌ಸನ್ ಎಂಬ ಮೂಳೆ ಶಸ್ತ್ರಚಿಕಿತ್ಸಕರು 1998ರಲ್ಲಿ ಅಕಿಲಿಸ್ ರಜ್ಜು ದೀರ್ಘಕಾಲದಿಂದ ನೋಯುತ್ತಿದ್ದ 15 ಓಟಗಾರರಿಗೆ ಹಿಮ್ಮಡಿ ಇಳಿಸುವ ವ್ಯಾಯಾಮವೊಂದನ್ನೇ ಕೊಟ್ಟರು. ಮೊಣಕಾಲು ನೆಟ್ಟಗಿಟ್ಟು 15ರಂತೆ ಮೂರು ಸರದಿ, ಮಡಚಿ 15ರಂತೆ ಮೂರು ಸರದಿ, ದಿನಕ್ಕೆರಡು ಹೊತ್ತು, ವಾರದ ಏಳೂ ದಿನ, 12 ವಾರ. ಹಗುರವಾದಂತೆ ಬೆನ್ನಿಗೆ ಭಾರ. ಕೊನೆಗೆ ಅಷ್ಟೂ ಜನ ಮತ್ತೆ ಓಡತೊಡಗಿದರು. ಸಣ್ಣ ಅಧ್ಯಯನ ಅದು, ಅವರಿಗಿದ್ದದ್ದು ರಜ್ಜುವಿನ ನೋವು, ನಿಮ್ಮದು ಸ್ನಾಯು ಹರಿದದ್ದು. ಹಾಗಾಗಿ ದಿನಕ್ಕೆ 180 ಬಾರಿ ಎಂಬ ಆ ಲೆಕ್ಕವನ್ನು ನೀವು ಎತ್ತಿಕೊಳ್ಳಬೇಡಿ. ಆದರೆ ಮೀನಖಂಡದ ಚಿಕಿತ್ಸೆಯ ದಾರಿಯನ್ನೇ ಆ ಕೆಲಸ ಬದಲಿಸಿತು.

ಗೋಡೆಗೆ ಕೈಕೊಟ್ಟು ಎಳೆಯುವ ವ್ಯಾಯಾಮವನ್ನು ಮಾಡಬಹುದು, ಹಿಂಗಾಲು ನೆಟ್ಟಗಿಟ್ಟು 30 ಸೆಕೆಂಡು, ಮಡಚಿ 30 ಸೆಕೆಂಡು. ಗಾಯ ಹೊಸದಿದ್ದಾಗ ಬೇಡ. ಅದಕ್ಕಿಂತ ಹೆಚ್ಚಿನ ನಿರೀಕ್ಷೆಯನ್ನು ಅದರ ಮೇಲೆ ಇಡಬೇಡಿ.

ಮತ್ತೆ ಓಡುವುದು ಯಾವಾಗ? ಎಡಗಾಲಿನ ಎಣಿಕೆ ಬಲಗಾಲಿಗೆ ಸಮ ಬಂದು, 45 ನಿಮಿಷ ಬಿರುಸಾಗಿ ನಡೆಯಲು ಬಂದು, ಎಡಗಾಲೊಂದರಲ್ಲೇ ಇಪ್ಪತ್ತು ಬಾರಿ ಕುಪ್ಪಳಿಸಿದರೂ ನೋವಾಗದಿದ್ದರೆ. ಮೊದಲ ಕೆಲವು ವಾರ ಬೂಟು ಹಾಕಿ ಸಮತಟ್ಟಾದ ರಸ್ತೆ ಅಥವಾ ಮೈದಾನದಲ್ಲಿ, ಒಂದು ನಿಮಿಷ ಓಟ ಎರಡು ನಿಮಿಷ ನಡಿಗೆ, ಎಂಟು ಸುತ್ತು, ದಿನ ಬಿಟ್ಟು ದಿನ. ಆಮೇಲೆ ಓಟದ ಪಾಲು ಹೆಚ್ಚಿಸಿ. ದೂರ ಮತ್ತು ವೇಗ ಎರಡನ್ನೂ ಒಂದೇ ವಾರದಲ್ಲಿ ಏರಿಸಬೇಡಿ. ಮರಳು ಬೇಕೇ ಬೇಕು ಎನಿಸಿದರೆ ಇಳಿತದ ಹೊತ್ತಿನಲ್ಲಿ ಗಟ್ಟಿಯಾಗಿರುವ ಒದ್ದೆ ಮರಳಿನಲ್ಲಿ, ಹೋದಷ್ಟೇ ದೂರ ಅದೇ ಅಂಚಿನಲ್ಲಿ ಮರಳಿ ಬನ್ನಿ. ಒಣ ಮರಳು, ಬರಿಗಾಲು ಎರಡೂ ಎಲ್ಲಕ್ಕಿಂತ ಕೊನೆಗೆ, ಅದೂ ಮೊದಲು ನಡಿಗೆಯಿಂದ.

ಇನ್ನು ನಿಮ್ಮ ಆಯಿಯವರ ವಿಷಯ. ಅವರದು ಸ್ನಾಯು ಸೆಳೆತ, ಸ್ನಾಯು ಹರಿದದ್ದಲ್ಲ. ಐವತ್ತು ದಾಟಿದವರಲ್ಲಿ ಇದು ಬಹಳ ಸಾಮಾನ್ಯ, ಆದರೂ ಅನುಭವಿಸುವವರಿಗೆ ಸಣ್ಣ ಸಂಕಟವಲ್ಲ. ಸೆಟೆದುಕೊಂಡ ಕ್ಷಣದಲ್ಲಿ ಮೊಣಕಾಲು ನೆಟ್ಟಗೆ ಮಾಡಿ ಪಾದದ ತುದಿಯನ್ನು ತಮ್ಮ ಕಡೆಗೆ ಎಳೆದುಕೊಳ್ಳಲಿ. ಕೈ ಎಟುಕದಿದ್ದರೆ ಮಂಚದ ಪಕ್ಕದಲ್ಲೇ ಏನಾದರೂ ಹಿಡಿದು ನಿಂತು ಹಿಮ್ಮಡಿಯನ್ನು ನೆಲಕ್ಕೆ ಒತ್ತಲಿ. ಕತ್ತಲಲ್ಲಿ ಅವಸರದಿಂದ ಏಳಬಾರದು. ಸೆಳೆತಕ್ಕಿಂತ ಬಿದ್ದು ಸೊಂಟ ಮುರಿದುಕೊಳ್ಳುವುದು ದೊಡ್ಡ ಅನಾಹುತ.

ನಿಮ್ಮ ವಿಷಯದಲ್ಲಿ ಎಳೆತಕ್ಕೆ ನಾನು ಹೆಚ್ಚು ಬೆಲೆ ಕೊಡಲಿಲ್ಲ, ಅವರ ವಿಷಯದಲ್ಲಿ ಕೊಡುತ್ತೇನೆ. 55 ದಾಟಿದವರು ಮಲಗುವ ಮುನ್ನ ಮೀನಖಂಡ ಮತ್ತು ತೊಡೆಯ ಹಿಂಭಾಗವನ್ನು ಆರು ವಾರ ಎಳೆದುಕೊಂಡಾಗ ರಾತ್ರಿಯ ಸೆಳೆತ ಕಡಿಮೆಯಾಯಿತೆಂದು ನೆದರ್‌ಲ್ಯಾಂಡ್ಸ್‌ನಲ್ಲಿ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನವೊಂದು ಹೇಳಿದೆ. ಖರ್ಚಿಲ್ಲ, ಅಪಾಯವಿಲ್ಲ, ಮಾಡಲಿ. ಮೆಗ್ನೀಸಿಯಂ ಮಾತ್ರೆಯಿಂದ ವಯಸ್ಸಾದವರ ಸೆಳೆತಕ್ಕೆ ಹೇಳಿಕೊಳ್ಳುವಂಥ ಪ್ರಯೋಜನ ಕಂಡಿಲ್ಲ. ಕ್ವಿನೈನ್ ಮಾತ್ರೆಯನ್ನು ಯಾರಾದರೂ ಸೂಚಿಸಿದರೆ ಬೇಡ ಎನ್ನಿ. ಸೆಳೆತಕ್ಕೆ ಅದನ್ನು ನುಂಗಿ ರಕ್ತಕಣಗಳಿಗೂ ಹೃದಯದ ಬಡಿತಕ್ಕೂ ತೊಂದರೆಯಾದದ್ದಿದೆ. ರಕ್ತದೊತ್ತಡಕ್ಕೆಂದು ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದೂ ಕಾರಣವಿರಬಹುದು. ತಾವಾಗಿ ನಿಲ್ಲಿಸದೆ ವೈದ್ಯರಿಗೆ ಹೇಳಿ. ಸಕ್ಕರೆ, ಥೈರಾಯ್ಡ್, ಮೂತ್ರಪಿಂಡದ ಪರೀಕ್ಷೆಗಳನ್ನು ಒಮ್ಮೆ ಮಾಡಿಸಿ.

ಬಲದ ವ್ಯಾಯಾಮವೂ ಅವರಿಗೆ ಬೇಕು, ಆದರೆ ನಿಮ್ಮ ಅಳತೆಯಲ್ಲಲ್ಲ. ಅಡುಗೆ ಕಟ್ಟೆ ಹಿಡಿದುಕೊಂಡು ಎರಡೂ ಕಾಲಿನಲ್ಲಿ ಹಿಮ್ಮಡಿ ಎತ್ತಿ ಇಳಿಸಲಿ. ಅನ್ನ ಕುದಿ ಬರುವವರೆಗಿನ ಹೊತ್ತಿನಲ್ಲಿ ಹತ್ತರಂತೆ ಎರಡು ಸರದಿ ಆಗಿಹೋಗುತ್ತದೆ. ತೋಟಕ್ಕೆ ಇಳಿದು ಹತ್ತುವವರಾದರೆ ಏರಿನಲ್ಲಿ ಮೀನಖಂಡಕ್ಕೆ ಕೆಲಸ ಸಿಗುತ್ತಲೇ ಇದೆ, ಹಾಗಾಗಿ ತೋಟಕ್ಕೆ ಹೋಗಬೇಡ ಎಂದು ಅವರನ್ನು ಕೂರಿಸಬೇಡಿ. ಕೋಲು ಹಿಡಿದು, ಜಾರದ ಚಪ್ಪಲಿ ಹಾಕಿ ಹೋಗಲಿ. ಎಡವಿದಾಗ ದೇಹವನ್ನು ತಡೆದು ನಿಲ್ಲಿಸುವ ಸ್ನಾಯುಗಳಲ್ಲಿ ಮೀನಖಂಡ ಮೊದಲ ಸಾಲಿನದು. ಅವರ ವಯಸ್ಸಿನಲ್ಲಿ ಅದರ ಬಲ ಉಳಿಸಿಕೊಳ್ಳುವುದು ಸೆಳೆತ ಹೋಗುವುದಕ್ಕಿಂತಲೂ ಮುಖ್ಯ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಇಬ್ಬರಿಗೂ ಸೇರಿ ಒಂದು ಎಚ್ಚರಿಕೆ: ಸಿಪ್ರೋಫ್ಲಾಕ್ಸಾಸಿನ್, ಲಿವೋಫ್ಲಾಕ್ಸಾಸಿನ್ ಗುಂಪಿನ ಪ್ರತಿಜೀವಕಗಳು ಅಕಿಲಿಸ್ ರಜ್ಜುವನ್ನು ದುರ್ಬಲಗೊಳಿಸಬಲ್ಲವು. ಅರವತ್ತು ದಾಟಿದವರಲ್ಲಿ, ಸ್ಟೆರಾಯ್ಡ್ ತೆಗೆದುಕೊಳ್ಳುವವರಲ್ಲಿ ಈ ಅಪಾಯ ಹೆಚ್ಚು. ಮೂತ್ರದ ಸೋಂಕಿಗೋ ಭೇದಿಗೋ ಅಂಗಡಿಯಿಂದ ತಾವೇ ತಂದು ನುಂಗುವ ಅಭ್ಯಾಸವಿದ್ದರೆ ಬಿಡಿ. ವೈದ್ಯರೇ ಕೊಟ್ಟಿದ್ದಾಗ ಹಿಮ್ಮಡಿಯ ಮೇಲೆ ನೋವು ಕಾಣಿಸಿಕೊಂಡರೆ ಕೂಡಲೇ ಅವರಿಗೆ ತಿಳಿಸಿ, ವ್ಯಾಯಾಮ ನಿಲ್ಲಿಸಿ.

ನೀವು ಓಟಕ್ಕೆ ಮರಳಿದ ಮೇಲೂ ವಾರಕ್ಕೆರಡು ದಿನ ಭಾರ ಹೊತ್ತು ಹಿಮ್ಮಡಿ ಎತ್ತುವುದನ್ನು ಮುಂದುವರಿಸಿ. ಇಷ್ಟೆಲ್ಲ ಸರಿಯಾಗಿ ಮಾಡಿಯೂ ನಾಲ್ಕನೇ ಬಾರಿ ಅಲ್ಲೇ ಹಿಡಿದರೆ ಮೀನಖಂಡದ ಅಲ್ಟ್ರಾಸೌಂಡ್ ಮಾಡಿಸಿ. ಒಳಗೆ ರಕ್ತ ಕಟ್ಟಿಕೊಂಡು ಕೂಡದೇ ಉಳಿದ ಜಾಗವಿದ್ದರೆ ಅದರಲ್ಲಿ ಕಾಣುತ್ತದೆ. ಎಡಗಾಲಿನ ಎಣಿಕೆ ಆರೆಂಟು ವಾರವಾದರೂ ಏರದಿದ್ದರೆ, ಪಾದದ ಹೊರ ಅಂಚು ಜೋಮು ಹಿಡಿದಂತಿದ್ದರೆ ಬೆನ್ನುಮೂಳೆಯ ತಳಭಾಗವನ್ನೂ ಪರೀಕ್ಷೆ ಮಾಡಿಸಬೇಕು. ಮೀನಖಂಡಕ್ಕೆ ಬರುವ ನರ ಅಲ್ಲಿ ಒತ್ತಿಕೊಂಡಿದ್ದರೆ ಕಾಲಿಗೆ ಎಷ್ಟು ವ್ಯಾಯಾಮ ಮಾಡಿಸಿದರೂ ಬಲ ಏರುವುದಿಲ್ಲ, ಚಿಕಿತ್ಸೆ ಬೆನ್ನಿನಿಂದಲೇ ಆರಂಭವಾಗಬೇಕು.